ಹಾಡಿಗಿಂತ ಕಾಗದವೇ ಹೆಚ್ಚು

ಧಾರವಾಡದಲ್ಲಿ ಕೂತು ತತ್ವಪದ, ಭಜನಾಪದ, ನಡುನಡುವೆ ಒಂದಿಷ್ಟು ಭಾವಗೀತೆ ಬಿಡುಗಡೆ ಮಾಡುವ ಸಣ್ಣ ಆಡಿಯೊ ಲೇಬಲ್ ನನ್ನದು. ಆಫೀಸು ಅಂದರೆ ಮನೆಯ ಮುಂದಿನ ಕೋಣೆ. ಸಿಬ್ಬಂದಿ ಅಂದರೆ ನಾನು, ಮತ್ತೆ ಸಂಜೆ ಬಂದು ಮಿಕ್ಸಿಂಗ್ ಮಾಡಿಕೊಡುವ ಒಬ್ಬ ಹುಡುಗ. ದಿನವಿಡೀ ಹಾಡು ಕೇಳುತ್ತಾ ಕೂತಿರುತ್ತೇನೆ ಅಂತ ಪರಿಚಯದವರೆಲ್ಲ ಅಂದುಕೊಂಡಿದ್ದಾರೆ. ನಿಜಕ್ಕೂ ನನ್ನ ದಿನ ಹೋಗುವುದು ಎಕ್ಸೆಲ್ ಶೀಟು, ಸಹಿ, ಇಮೇಲುಗಳಲ್ಲಿ.

ರೆಕಾರ್ಡಿಂಗ್ ಮಾತ್ರ ಹಬ್ಬ. ಭಜನಾ ಮೇಳದವರನ್ನು ಸ್ಟುಡಿಯೊಗೆ ಕರೆಸಿ, ಒಬ್ಬೊಬ್ಬರಿಗೇ ಹೆಡ್‌ಫೋನ್ ಹಾಕಿ ಹಾಡಿಸಿದರೆ ಪದ ಅಲ್ಲೇ ಸತ್ತುಹೋಗುತ್ತದೆ. ಮುಂದೆ ಹಾಡುವವರು ಸಾಲು ಬಿಡುವಾಗ ಹಿಮ್ಮೇಳದವರ ಮುಖ ನೋಡುತ್ತಾರೆ, ಇವರು ಅವರ ತಲೆ ನೋಡಿ ಎತ್ತಿಕೊಳ್ಳುತ್ತಾರೆ. ಮೊದಲ ನುಡಿಯ ಲಯವೇ ಬೇರೆ, ಕೊನೆಯ ನುಡಿಯ ಲಯವೇ ಬೇರೆ, ಲಯ ತಪ್ಪದಿರಲಿ ಅಂತ ಕಿವಿಗೆ ಬಿಡುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್ ಟ್ರ್ಯಾಕ್ ಇಟ್ಟರೆ ಅದನ್ನು ಹಿಂದೆ ಹಾಕಿ ಹೋಗುತ್ತಾರೆ. ಹಾಗಾಗಿ ನಾವೇ ಅವರ ಊರಿನ ಮಠಕ್ಕೆ ಹೋಗುತ್ತೇವೆ. ಕೊನೆಯ ಬಸ್ಸು ಹೋದ ಮೇಲೆ ಫ್ಯಾನ್ ಆರಿಸಿ, ಎಲ್ಲರನ್ನೂ ಸುತ್ತ ಕೂಡಿಸಿ ಒಟ್ಟಿಗೇ ಹಿಡಿಯುವುದು. ದೊಡ್ಡ ತಲೆನೋವು ತಾಳದ್ದು, ಹಾರ್ಮೋನಿಯಂ, ದಮ್ಮಡಿ, ದನಿ ಎಲ್ಲವನ್ನೂ ಸೀಳಿಕೊಂಡು ಬರುತ್ತದೆ. ಕಲಘಟಗಿ ಕಡೆಯ ಒಂದು ಮೇಳದಲ್ಲಿ ತಾಳ ಹಿಡಿದ ಹಿರಿಯರಿಗೆ, 'ಅಜ್ಜಾರ, ಒಂದೀಟು ಹಿಂದ ಸರೀರಿ' ಅಂದೆ. 'ನಾ ಇಲ್ಲೇ ಕುಂದರಾಂವ, ನಿನ್ನ ಮೈಕ್ ಸರಸ್ಕೋ' ಅಂದರು. ಸರಿಸಿಕೊಂಡೆ. ಆ ಟೇಕೇ ಆಲ್ಬಂನಲ್ಲಿದೆ, ಮಧ್ಯೆ ಯಾರೋ ಕೆಮ್ಮಿದ್ದೂ ಇದೆ. ತೆಗೆಯಬಹುದಿತ್ತು, ತೆಗೆಯಲಿಲ್ಲ.

ಮಾರನೇ ದಿನದಿಂದ ಕಾಗದದ ಕೆಲಸ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಗಳ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ ಅನ್ನುವುದು ನಮ್ಮ ಕಾನೂನು. 1981ರಲ್ಲಿ ಹೋದ ಬೇಂದ್ರೆಯವರ ಕವಿತೆಗೆ 2041 ಮುಗಿಯುವವರೆಗೆ ಅನುಮತಿ ಬೇಕು, ಕುವೆಂಪು ಅವರದಕ್ಕೆ 2054ರವರೆಗೆ. ಅಷ್ಟು ಹೆಸರಿಲ್ಲದ ಕವಿಗಳದ್ದು ಇನ್ನೂ ಕಷ್ಟ. ಮಕ್ಕಳು ಮೂವರಿದ್ದರೆ ಒಬ್ಬರು ಊರಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ಅಮೆರಿಕದಲ್ಲಿ. ಮೂವರೂ 'ನಮ್ಮದೇನೂ ಅಭ್ಯಂತರ ಇಲ್ಲ' ಅನ್ನುತ್ತಾರೆ, ಆದರೆ ಮೂವರ ಸಹಿಯೂ ಒಂದೇ ಕಾಗದದ ಮೇಲೆ ಬೀಳುವಷ್ಟರಲ್ಲಿ ಗಾಯಕಿಗೆ ಹಾಡೇ ಮರೆತಿರುತ್ತದೆ.

ಕರಾರನ್ನು ಕನ್ನಡದಲ್ಲೇ, ಒಂದೇ ಪುಟದಲ್ಲಿ ಬರೆಯುತ್ತೇನೆ. ಈ ದಾರಿಗೆ ಬರುವವರು ಇದೊಂದನ್ನು ತಿಳಿದಿರಬೇಕು: ಅವಧಿ ಬರೆಯದೆ ಬಿಟ್ಟರೆ ಹಕ್ಕು ನಮ್ಮ ಹತ್ತಿರ ಇರುವುದು 5 ವರ್ಷ ಮಾತ್ರ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇನ್ನೊಂದು, ಕಾಪಿರೈಟ್ ಕಾನೂನಿಗೆ 2012ರ ತಿದ್ದುಪಡಿ ಬಂದ ಮೇಲೆ ಕವಿಯ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ನಾವು ಬರೆಸಿಕೊಳ್ಳುವಂತಿಲ್ಲ. ಒಂದು ಗಂಟು ಕೈಗಿತ್ತು 'ಎಲ್ಲಾ ನಮಗೇ' ಅಂತ ಸಹಿ ಹಾಕಿಸಿಕೊಳ್ಳುವ ಹಳೆಯ ರೂಢಿ ಇನ್ನೂ ಹೋಗಿಲ್ಲ, ಅದು ಬೇರೆ ಮಾತು. ನಮ್ಮಲ್ಲಿಗೆ ಬರುವ ಕವಿಗಳಿಗೆ, ಸಂಯೋಜಕರಿಗೆ ಮೊದಲು ಅವರ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಘವಾದ ಐಪಿಆರ್‌ಎಸ್ ಸದಸ್ಯರಾಗಿ ಅಂತ ದುಂಬಾಲು ಬೀಳುತ್ತೇನೆ.

ಇಷ್ಟೆಲ್ಲ ಸರಿ ಇಟ್ಟುಕೊಂಡರೂ ಏರಿಸಿದ ಹಾಡು ಬೇರೆಯವರದಕ್ಕೆ ಹೋಲುತ್ತದೆಯೇ ಅಂತ ತಾನೇ ಹುಡುಕುವ ಯೂಟ್ಯೂಬಿನ ಕಂಟೆಂಟ್ ಐಡಿ ಬಿಡುವುದಿಲ್ಲ. ಒಂದು ಪದವನ್ನು ಬೆಳಿಗ್ಗೆ ಏರಿಸಿದೆ, ಮಧ್ಯಾಹ್ನ ಊಟಕ್ಕೆ ಏಳುವಷ್ಟರಲ್ಲಿ ಒಂದು ದೊಡ್ಡ ಕಂಪನಿಯ ಹೆಸರಲ್ಲಿ 'ಇದು ನಮ್ಮದು' ಅನ್ನುವ ಕ್ಲೇಮು ಬಂದಿತ್ತು. ಅದೇ ಪದವನ್ನು ಅವರೂ ಯಾರಿಂದಲೋ ಹಾಡಿಸಿದ್ದರು. ಪದ ಇಬ್ಬರದೂ ಅಲ್ಲ, ಮಟ್ಟು ಊರೂರಲ್ಲಿ ಇರುವ ಮಟ್ಟು, ಆದರೆ ಯಂತ್ರಕ್ಕೆ ಎರಡೂ ಒಂದೇ ಥರ ಕೇಳಿಸುತ್ತದೆ. ತಕರಾರು ಹಾಕಿದರೆ ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ, ಅವರು ಕೊನೆಯ ದಿನದವರೆಗೂ ಸುಮ್ಮನಿದ್ದರು. ಕ್ಲೇಮು ಬಂದ 5 ದಿನದೊಳಗೆ ತಕರಾರು ಹಾಕಿದರೆ ಮೊದಲ ದಿನದಿಂದ ಬಂದ ದುಡ್ಡನ್ನು ಯೂಟ್ಯೂಬಿನವರು ಯಾರಿಗೂ ಕೊಡದೆ ತೆಗೆದಿಡುತ್ತಾರೆ, ತಡ ಮಾಡಿದರೆ ಹಿಂದಿನ ದಿನಗಳದ್ದು ಕೈಬಿಟ್ಟಂತೆ. ಅದಕ್ಕೇ ಹಬ್ಬವಿರಲಿ, ಮದುವೆಯಿರಲಿ, ದಿನಕ್ಕೊಮ್ಮೆ ಆ ಪುಟ ತೆಗೆದು ನೋಡುತ್ತೇನೆ.

ಇನ್ನು ಹೆಸರಿನ ಗೋಳು. ನಮ್ಮ ಕಡೆ ಬಸವರಾಜ, ಮಂಜುನಾಥ ಅಂತ ಕೂಗಿದರೆ ಬಸ್‌ ಸ್ಟ್ಯಾಂಡಿನಲ್ಲಿ ಹತ್ತು ಜನ ತಿರುಗಿ ನೋಡುತ್ತಾರೆ. ಸ್ಪಾಟಿಫೈಗೂ ಅದೇ ಗೊಂದಲ. ನಮ್ಮ ತತ್ವಪದದ ಆಲ್ಬಂ ಒಮ್ಮೆ ಅದೇ ಹೆಸರಿನ ಇನ್ನೊಬ್ಬರ ಪುಟಕ್ಕೆ ಹೋಗಿ ಡಿಜೆ ರಿಮಿಕ್ಸ್‌ಗಳ ನಡುವೆ ಕೂತಿತ್ತು. ಹಾಡಿದವರಿಗಿಂತ ನುಡಿಸಿದವರ ಪಾಡು ಕಷ್ಟ. ಕ್ಯಾಸೆಟ್ ಕಾಲದಲ್ಲಿ ಡಬ್ಬಿಯೊಳಗಿನ ಕಾಗದದ ಮೇಲೆ ತಬಲಾ ಯಾರು, ಕೊಳಲು ಯಾರು ಅಂತ ಇರುತ್ತಿತ್ತು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಕಾಲ ಬಂತು, ಆಗ 'ಟ್ರ್ಯಾಕ್ 07' ಅನ್ನುವುದೇ ಹಾಡಿನ ಹೆಸರಾಯಿತು. ಈಗ ಹೆಸರು ತುಂಬಲು ಖಾನೆಗಳಿವೆ, ತುಂಬುವವರಿಲ್ಲ. ನಾನು ಹಟ ಹಿಡಿದು ತಾಳದವರ ಹೆಸರನ್ನೂ ತುಂಬುತ್ತೇನೆ. ಕೇಳುಗರಿಗೆ ಕಾಣಬೇಕಾದರೆ ಅವರು ಎರಡು ಮೂರು ಸಲ ಒತ್ತಿ ಒಳಗೆ ಹೋಗಬೇಕು, ಆದರೂ ತುಂಬುತ್ತೇನೆ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ, ಯಾಕೆಂದರೆ ಅದು ಇರುವುದೇ ಅಷ್ಟು. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿಗೆ ರೆಕಾರ್ಡಿಂಗಿನ ರಾಯಲ್ಟಿಯನ್ನೇ ಲೆಕ್ಕ ಹಾಕುತ್ತಿಲ್ಲ. ತತ್ವಪದದ ಆಲ್ಬಂ ಅಂದರೆ ಎರಡು ಪದ ಓಡುತ್ತವೆ, ಉಳಿದವನ್ನು ಬಲ್ಲವರಷ್ಟೇ ಕೇಳುತ್ತಾರೆ. ಆ ಬಲ್ಲವರು ಕೇಳಿದ್ದಕ್ಕೆ ಬೆಲೆ ಇಲ್ಲ ಅಂದಂತಾಯಿತು, ನನಗೆ ಅತಿ ಸಿಟ್ಟು ಬರುವುದು ಇಲ್ಲೇ. ಯೂಟ್ಯೂಬಿನಲ್ಲಿ ಅಮೆರಿಕದವರು ಕೇಳಿದ್ದರ ಮೇಲೆ ಅಲ್ಲಿನ ತೆರಿಗೆ ಬೇರೆ ಮುರಿಯುತ್ತಾರೆ. ಖರ್ಚು ಹೊಂದುವುದು ಮದುವೆ ರೆಕಾರ್ಡಿಂಗು, ಶಾಲಾ ವಾರ್ಷಿಕೋತ್ಸವದ ಟ್ರ್ಯಾಕು ಮಾಡಿಕೊಟ್ಟು.

ಆದರೂ ಪಾಲು ಹಂಚುವ ದಿನ ಬೇರೆಯೇ. ಮೊತ್ತ ಎಷ್ಟೇ ಇರಲಿ, ಹಾಡುವಾರು ಚೀಟಿ ಬರೆದು ಕಳಿಸುತ್ತೇನೆ. ಹಾರ್ಮೋನಿಯಂ ಮೇಷ್ಟ್ರಿಗೆ ಮೊದಲ ಸಲ ದುಡ್ಡು ಹಾಕಿದಾಗ ಫೋನ್ ಮಾಡಿದರು. 'ಏನ್ ಸರ, ಇದ್ಯಾವುದರ ರೊಕ್ಕಾರೀ? ಅವತ್ತ ಕೊಟ್ಟೀರಲ್ಲ?' ಅವತ್ತು ಕೊಟ್ಟದ್ದು ನುಡಿಸಿದ್ದಕ್ಕೆ, ಇದು ಜನ ಕೇಳಿದ್ದಕ್ಕೆ ಅಂದೆ. ಚೀಟಿಯಲ್ಲಿ ಊರುಗಳನ್ನೂ ಬರೆದಿದ್ದೆ: ಸೊಲ್ಲಾಪುರ, ಇಚಲಕರಂಜಿ, ಮಡಗಾಂವ. 'ಗೋವಾದಾಗ ಯಾರ್ ಕೇಳ್ತಾರ ಇದನ್ನ?' ಅಂದರು. ಕಟ್ಟಡದ ಕೆಲಸಕ್ಕೆ ಹೋದ ನಮ್ಮ ವಿಜಾಪುರ, ಬಾಗಲಕೋಟಿ ಮಂದಿನೇ ಇರಬೇಕು ಅಂದೆ. ಮುಂದಿನ ಸಲದಿಂದ ಮೊತ್ತಕ್ಕಿಂತ ಮೊದಲು ಊರಿನ ಪಟ್ಟಿ ಕೇಳುತ್ತಾರೆ. ತಾಳದ ಅಜ್ಜಾರಂತೂ ಚೀಟಿಯಲ್ಲಿ ತಮ್ಮ ಹೆಸರಿನ ಕಾಗುಣಿತ ತಪ್ಪಿದೆ ಅಂತ ಮೊಮ್ಮಗನಿಂದ ವಾಟ್ಸಾಪ್ ಮಾಡಿಸಿದ್ದರು. ಆಪ್‌ಗಳಲ್ಲೂ ಹಾಗೇ ಹೋಗಿದೆ, ಅದನ್ನು ತಿದ್ದಿಸಲು ನಮ್ಮ ಹಾಡುಗಳನ್ನು ಅಲ್ಲಿಗೆ ತಲುಪಿಸುವ ವಿತರಕರಿಗೆ ಬರೆದಿದ್ದೇನೆ, ಎರಡು ವಾರ ಹಿಡಿಯುತ್ತದಂತೆ.