ಸ್ಯಾನ್ ಹೋಸೆಯ ಹುಡುಗರು: ಮೈನರ್ ಲೀಗ್ ಬೇಸ್‌ಬಾಲನ್ನು ನಾನು ಹೇಗೆ ನೋಡುತ್ತೇನೆ

ನಾನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಎಂಬ ಮೇಜರ್ ಲೀಗ್ ಬೇಸ್‌ಬಾಲ್ ಕ್ಲಬ್ಬಿನ ಅಭಿಮಾನಿ. ಆದರೆ ಮನಸ್ಸಿಟ್ಟು ನೋಡುವುದು ಅವರ ದೊಡ್ಡ ತಂಡದ ಆಟಕ್ಕಿಂತ ಕೆಳಗಿನ, ಅಂದರೆ ಮೈನರ್ ಲೀಗ್ ತಂಡಗಳ ಆಟವನ್ನೇ. ಮನೆ ಸ್ಯಾನ್ ಹೋಸೆಯಲ್ಲಿರುವುದರಿಂದ ಇದು ಸುಲಭವೂ ಆಯಿತು. ಇದೇ ಊರಿನ ಎಕ್ಸೈಟ್ ಬಾಲ್‌ಪಾರ್ಕ್ ಎಂಬ ಹಳೇ ಮೈದಾನದಲ್ಲಿ ಆ ತಂಡಗಳಲ್ಲಿ ಒಂದಾದ ಸ್ಯಾನ್ ಹೋಸೆ ಜೈಂಟ್ಸ್ ಆಡುತ್ತದೆ. ಮೈದಾನ 1942ರದ್ದು. ಬಸ್ಟರ್ ಪೋಸಿ ಮತ್ತು ಮ್ಯಾಡಿಸನ್ ಬಮ್‌ಗಾರ್ನರ್ 2009ರಲ್ಲಿ ಇಲ್ಲಿ ಆಡಿ ಮೇಲೆ ಹೋದರು. ಮರುವರ್ಷವೇ ಇಬ್ಬರೂ ಮೇಜರ್ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. ಈಗ ಅದೇ ಪೋಸಿ ಜೈಂಟ್ಸ್ ತಂಡ ಕಟ್ಟುವ ಹೊಣೆ ಹೊತ್ತ ಮುಖ್ಯಸ್ಥ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲಿನ ವ್ಯವಸ್ಥೆ ಮೊದಮೊದಲು ತಲೆಗೆ ಹತ್ತುವುದಿಲ್ಲ. ನಮ್ಮಲ್ಲಿ ಹುಡುಗ ರಾಜ್ಯ ಸಂಸ್ಥೆಯ ಲೀಗ್‌ಗಳಲ್ಲಿ ಆಡಿ, ರಣಜಿಗೆ ಬಂದು, ಆಮೇಲೆ ಆಯ್ಕೆಗಾರರ ಕಣ್ಣಿಗೆ ಬೀಳಬೇಕು. ಇಲ್ಲಿ ಹುಡುಗ ಮೊದಲೇ ಒಂದು ಕ್ಲಬ್ ಸೇರಿಬಿಡುತ್ತಾನೆ. ಅವನ ತರಬೇತಿ, ಚಿಕಿತ್ಸೆ, ಸಂಬಳ, ಬಡ್ತಿ ಎಲ್ಲವೂ ಆ ಕ್ಲಬ್ಬಿನ ಕೈಯಲ್ಲಿ. ಜೈಂಟ್ಸ್‌ನಲ್ಲಿ ಮೆಟ್ಟಿಲುಗಳು ಹೀಗಿವೆ: ಡೊಮಿನಿಕನ್ ರಿಪಬ್ಲಿಕ್‌ನ ಬೇಸಿಗೆ ಲೀಗ್, ಅರಿಜೋನದ ತರಬೇತಿ ಲೀಗ್, ಸ್ಯಾನ್ ಹೋಸೆ, ಒರೆಗಾನ್‌ನ ಯೂಜೀನ್, ವರ್ಜೀನಿಯಾದ ರಿಚ್‌ಮಂಡ್, ಕೊನೆಗೆ ಸ್ಯಾಕ್ರಮೆಂಟೊ. ಅಲ್ಲಿಂದ ಮುಂದೆ ಸ್ಯಾನ್ ಫ್ರಾನ್ಸಿಸ್ಕೊ. ಸ್ಯಾಕ್ರಮೆಂಟೊದಿಂದ ಅಲ್ಲಿಗೆ ಕಾರಿನಲ್ಲಿ ಎರಡು ಗಂಟೆ ಸಾಕು. ಆದರೆ ಎಷ್ಟೋ ಹುಡುಗರು ಆ ದಾರಿ ಮುಗಿಸುವುದೇ ಇಲ್ಲ.

ಒಬ್ಬ ಆಟಗಾರನ ಹೆಸರು ಕಿವಿಗೆ ಬಿದ್ದ ಕೂಡಲೇ ನಾನು ಹುಡುಕುವುದು ಅವನ ವಯಸ್ಸು. ಬ್ಯಾಟಿಂಗ್ ಸರಾಸರಿ, ಹೋಮ್ ರನ್ (ನಮ್ಮ ಸಿಕ್ಸರ್ ಥರ) ಎಲ್ಲ ಆಮೇಲೆ. ಸ್ಯಾನ್ ಹೋಸೆಯಲ್ಲಿ 23 ವರ್ಷದವನು ಚೆಂಡು ಚಚ್ಚಿದರೆ ಸಂತೋಷ, ಆದರೆ ಅವನು ತನಗಿಂತ ಚಿಕ್ಕವರ ಎದುರು ಆಡುತ್ತಿದ್ದಾನೆ. 19 ವರ್ಷದವನು ಅದೇ ಜಾಗದಲ್ಲಿ ಸುಮಾರಾಗಿ ಆಡಿದರೂ ನನ್ನ ಗಮನ ಅವನ ಮೇಲೇ. ಬ್ರೈಸ್ ಎಲ್ಡ್ರಿಜ್ ಇದಕ್ಕೆ ಒಳ್ಳೆ ಉದಾಹರಣೆ. ಆರೂವರೆ ಅಡಿಗಿಂತ ಎತ್ತರದ ಹುಡುಗ. ಹೈಸ್ಕೂಲಿನಲ್ಲಿ ಪಿಚಿಂಗ್ (ಚೆಂಡು ಎಸೆಯುವುದು), ಬ್ಯಾಟಿಂಗ್ ಎರಡನ್ನೂ ಮಾಡುತ್ತಿದ್ದವನನ್ನು ಜೈಂಟ್ಸ್ 2023ರ ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, 16ನೆಯವನಾಗಿ ಆರಿಸಿತು. 2024ರಲ್ಲಿ ಸ್ಯಾನ್ ಹೋಸೆಯಲ್ಲಿ ಶುರು ಮಾಡಿ, ಯೂಜೀನ್ ಮತ್ತು ರಿಚ್‌ಮಂಡ್ ದಾಟಿ, ಅದೇ ವರ್ಷ ಸ್ಯಾಕ್ರಮೆಂಟೊ ತಲುಪಿದ. ಆಗ ಅವನಿಗೆ 19. ಒಟ್ಟು 23 ಹೋಮ್ ರನ್ ಹೊಡೆದಿದ್ದ. ಆ ಸಂಖ್ಯೆಗಿಂತ ಆ ನಾಲ್ಕು ಊರುಗಳೇ ನನಗೆ ಜಾಸ್ತಿ ಹೇಳಿದವು. ಮುಂದಿನ ವರ್ಷದ ಶುರುವಿನಲ್ಲಿ ಮಣಿಕಟ್ಟಿನ ನೋವು ಕಾಡಿತು. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಬಂದ.

ವಯಸ್ಸು ನೋಡಿದ ಮೇಲೆ ಸ್ಟ್ರೈಕ್‌ಔಟ್ ಮತ್ತು ವಾಕ್ ನೋಡುತ್ತೇನೆ. ಬ್ಯಾಟಿಂಗ್ ಸರಾಸರಿಯಲ್ಲಿ ಅದೃಷ್ಟ ತುಂಬಾ ಬೆರೆತಿರುತ್ತದೆ. ಕೆಳಗಿನ ಲೀಗ್‌ಗಳಲ್ಲಿ ಫೀಲ್ಡಿಂಗ್ ಅಷ್ಟು ಬಿಗಿ ಇರುವುದಿಲ್ಲ. ಚೆಂಡು ತಾಗಿಸಿ ಓಡಿದರೆ ಹಿಟ್ ಸಿಕ್ಕಿಬಿಡಬಹುದು. ಆದರೆ ನೂರು ಸಲ ಬ್ಯಾಟಿಂಗ್‌ಗೆ ಬಂದವನು ಎಷ್ಟು ಸಲ ಚೆಂಡು ತಾಗಿಸದೆ ಔಟಾದ, ಎಷ್ಟು ಸಲ ಕೆಟ್ಟ ಚೆಂಡು ಬಿಟ್ಟು ವಾಕ್ (ಮೊದಲ ಬೇಸ್‌ಗೆ ಪುಕ್ಕಟೆ ದಾರಿ) ಪಡೆದ ಅನ್ನುವುದು ಅವನ ಕಣ್ಣಿನ ಲೆಕ್ಕ. ಮೇಜರ್ ಲೀಗ್‌ನಲ್ಲೇ ಇತ್ತೀಚೆಗೆ ಸ್ಟ್ರೈಕ್‌ಔಟ್ ಸುಮಾರು ಶೇ 22ರ ಆಸುಪಾಸಿನಲ್ಲಿದೆ. ಸ್ಯಾನ್ ಹೋಸೆಯಲ್ಲೇ ಶೇ 30 ದಾಟಿದವನ ಹೋಮ್ ರನ್‌ಗಳು ಎಷ್ಟೇ ಚೆನ್ನಾಗಿರಲಿ, ನನಗೆ ಚಿಂತೆ ಶುರುವಾಗುತ್ತದೆ. ಮೇಲಿನ ಪಿಚರ್‌ಗಳು ಅವನಿಗೆ ಹೊಡೆಯುವಂಥ ಚೆಂಡನ್ನೇ ಕೊಡುವುದಿಲ್ಲ.

ಅಂಕಿಗಳನ್ನು ಊರಿನ ಜೊತೆ ಸೇರಿಸಿ ಓದಬೇಕು. ಸ್ಯಾಕ್ರಮೆಂಟೊ ಆಡುವ ಪೆಸಿಫಿಕ್ ಕೋಸ್ಟ್ ಲೀಗ್‌ನಲ್ಲಿ ರೀನೊ, ಆಲ್ಬುಕರ್ಕಿ, ಸಾಲ್ಟ್ ಲೇಕ್‌ನಂಥ ಎತ್ತರದ ಊರುಗಳಿವೆ. ಅಲ್ಲಿ ಗಾಳಿ ತೆಳು, ಚೆಂಡು ದೂರ ಹಾರುತ್ತದೆ, ಪಿಚರ್‌ಗಳ ಅಂಕಿಗಳು ಕೆಡುತ್ತವೆ. ಕೈಲ್ ಹ್ಯಾರಿಸನ್ ಬೇ ಏರಿಯಾದ ಹುಡುಗ, 2020ರಲ್ಲಿ ಮೂರನೇ ಸುತ್ತಿನಲ್ಲಿ ಆಯ್ಕೆಯಾದವನು. 2022ರಲ್ಲಿ ಯೂಜೀನ್ ಮತ್ತು ರಿಚ್‌ಮಂಡ್‌ನಲ್ಲಿ ಸ್ಟ್ರೈಕ್‌ಔಟ್‌ಗಳ ಸುರಿಮಳೆ. 2023ರಲ್ಲಿ ಸ್ಯಾಕ್ರಮೆಂಟೊಗೆ ಬಂದಾಗ ವಾಕ್‌ಗಳು ವಿಪರೀತ ಆದವು. ಆ ವರ್ಷವೇ ಆ ಮಟ್ಟದ ಎಲ್ಲ ಮೈದಾನಗಳಲ್ಲಿ ಬಂದ ಚೆಂಡು ಸ್ಟ್ರೈಕ್ (ಬ್ಯಾಟರ್ ಹೊಡೆಯಬಹುದಾದ ಸರಿಯಾದ ಎಸೆತ) ಹೌದೋ ಅಲ್ಲವೋ ಅಂತ ಯಂತ್ರ ತೀರ್ಮಾನಿಸುವ ಪದ್ಧತಿ ಬಂದಿತ್ತು. ಅಂಚಿನ ಚೆಂಡುಗಳನ್ನು ನೆಚ್ಚಿಕೊಂಡ ಪಿಚರ್‌ಗೆ ಅದು ಕಷ್ಟ. ಬರೀ ಅಂಕಿ ನೋಡಿದವರು ಹುಡುಗ ಹಾಳಾದ ಅಂದುಕೊಂಡರು. ಅದೇ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೈದಾನದಲ್ಲಿ ಆಡಿದ ತನ್ನ ಮೊದಲ ಮೇಜರ್ ಲೀಗ್ ಪಂದ್ಯದಲ್ಲಿ ಸಿನ್ಸಿನಾಟಿ ಎದುರು 11 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. 2025ರ ಜೂನ್‌ನಲ್ಲಿ ರಫೇಲ್ ಡೆವರ್ಸ್‌ಗಾಗಿ ಜೈಂಟ್ಸ್ ಅವನನ್ನು ಬಾಸ್ಟನ್‌ಗೆ ಕೊಟ್ಟಿತು. ಬೆಳೆಸಿದ ಹುಡುಗರು ಹೀಗೆ ಬೇರೆ ಆಟಗಾರನನ್ನು ತರುವ ಬಂಡವಾಳವೂ ಹೌದು. ಅದು ನನಗೆ ಈಗಲೂ ನೋವು ಕೊಡುತ್ತದೆ, ಲೆಕ್ಕ ಸರಿಯಿದ್ದರೂ.

ಆದರೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತಾಳ್ಮೆ. ಅದನ್ನು ನನಗೆ ಕಲಿಸಿದವನು ಹೀಲಿಯೊಟ್ ರಾಮೋಸ್. ಪೋರ್ಟೊ ರಿಕೊದ ಹುಡುಗ, 2017ರ ಮೊದಲ ಸುತ್ತಿನ ಆಯ್ಕೆ. 2019ರಲ್ಲಿ, 19ನೇ ವಯಸ್ಸಿನಲ್ಲಿ, ಸ್ಯಾನ್ ಹೋಸೆಯಲ್ಲಿ ತುಂಬಾ ಚೆನ್ನಾಗಿ ಆಡಿದ. ಭರವಸೆಯ ಹುಡುಗರ ಎಲ್ಲ ಪಟ್ಟಿಗಳಲ್ಲೂ ಅವನ ಹೆಸರು ಇತ್ತು. 2020ರಲ್ಲಿ ಕೋವಿಡ್‌ನಿಂದ ಮೈನರ್ ಲೀಗ್ ಋತುವೇ ನಡೆಯಲಿಲ್ಲ. ಕಲಿಯುವ ವಯಸ್ಸಿನಲ್ಲಿ ಒಂದು ವರ್ಷ ಪಂದ್ಯವೇ ಇಲ್ಲ ಅಂದರೆ ಸುಮ್ನೆ ಅಲ್ಲ. ಆಮೇಲೆ ಸ್ಯಾಕ್ರಮೆಂಟೊದಲ್ಲಿ ಬ್ಯಾಟಿಂಗ್ ಸೊರಗಿತು. 2022ರಲ್ಲಿ ಮೇಜರ್ ಲೀಗ್‌ಗೆ ಕರೆದರು, ನಿಲ್ಲಲಿಲ್ಲ. 2023ರಲ್ಲೂ ಅದೇ ಕಥೆ. ಪಟ್ಟಿಗಳಿಂದ ಹೆಸರು ಮಾಯವಾಯಿತು. ಅವನ ವಯಸ್ಸು ಮಾತ್ರ ಇನ್ನೂ 24 ದಾಟಿರಲಿಲ್ಲ. 2024ರ ಮೇ ತಿಂಗಳಲ್ಲಿ ಇನ್ನೊಮ್ಮೆ ಅವಕಾಶ ಸಿಕ್ಕಿತು. ಜುಲೈನಲ್ಲಿ ಲೀಗ್‌ನ ಆಯ್ದ ತಾರೆಯರು ಆಡುವ ಆಲ್ ಸ್ಟಾರ್ ಪಂದ್ಯದಲ್ಲಿದ್ದ. ಜೈಂಟ್ಸ್ ತಾನೇ ಬೆಳೆಸಿದ ಔಟ್‌ಫೀಲ್ಡರ್ ಒಬ್ಬ ಆ ತಂಡದಿಂದ ಆಲ್ ಸ್ಟಾರ್ ಆದದ್ದು 1986ರ ಚಿಲಿ ಡೇವಿಸ್ ನಂತರ ಅದೇ ಮೊದಲು. ಸೆಪ್ಟೆಂಬರ್‌ನಲ್ಲಿ ಅವನು ಹೊಡೆದ ಚೆಂಡು ನೇರವಾಗಿ ಸ್ಯಾನ್ ಫ್ರಾನ್ಸಿಸ್ಕೊ ಮೈದಾನದ ಪಕ್ಕದ ಮೆಕವಿ ಕೋವ್ ನೀರಿಗೆ ಬಿತ್ತು. ಆ ಮೈದಾನದಲ್ಲಿ ಬಲಗೈ ಬ್ಯಾಟರ್ ಒಬ್ಬ ಅದನ್ನು ಮಾಡಿದ್ದೇ ಮೊದಲ ಸಲ.

ಅದಕ್ಕೇ ನಾನು ಯಾರ ಹೆಸರನ್ನೂ ಬೇಗ ಅಳಿಸುವುದಿಲ್ಲ. ಲೋಗನ್ ವೆಬ್ 2014ರಲ್ಲಿ ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾದ, 2016ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಅದರಿಂದ ಪಿಚರ್ ಪೂರ್ತಿ ವಾಪಸ್ ಬರಲು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. 2023ರಲ್ಲಿ ಅವನು ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವನು. ಲ್ಯಾಂಡನ್ ರೂಪ್ 12ನೇ ಸುತ್ತಿನ ಆಯ್ಕೆ. ಅವನನ್ನು ಮೇಲೆ ತಂದದ್ದು ಅವನ ಕರ್ವ್‌ಬಾಲ್, ಅಂದರೆ ಬಾಗಿ ಕೆಳಗಿಳಿಯುವ ಎಸೆತ. ಡ್ರಾಫ್ಟ್ ದಿನ ಸಿಕ್ಕ ಹಣ, ಸುತ್ತು ಇವೆಲ್ಲ ಕ್ಲಬ್ ಎಷ್ಟು ಅವಕಾಶ ಕೊಡುತ್ತದೆ ಅನ್ನುವುದನ್ನು ಹೇಳುತ್ತವೆ, ಅಷ್ಟೇ.

ಮೈದಾನಕ್ಕೆ ಹೋಗುವವರಿಗೆ ಒಂದು ಮಾತು. 2021ರಿಂದ ಈ ಮಟ್ಟದಲ್ಲಿ ಸರಣಿಗಳು ಮಂಗಳವಾರದಿಂದ ಭಾನುವಾರದವರೆಗೆ, ಒಂದೇ ಎದುರಾಳಿ ಜೊತೆ ಆರು ಪಂದ್ಯ. ಸೋಮವಾರ ರಜೆ. ಅದೇ ಬ್ಯಾಟರ್‌ನನ್ನು ಮಂಗಳವಾರ ನೋಡಿ, ಮತ್ತೆ ಶನಿವಾರ ನೋಡಿ. ಮಂಗಳವಾರ ಸ್ಲೈಡರ್‌ಗೆ (ಪಕ್ಕಕ್ಕೆ ಸರಿಯುವ ಎಸೆತ) ಬ್ಯಾಟ್ ಬೀಸಿ ಔಟಾದವನು ಶನಿವಾರ ಅದನ್ನು ಬಿಡುತ್ತಾನಾ? ಕಲಿಕೆ ಕಣ್ಣಿಗೆ ಕಾಣುವುದು ಅಲ್ಲಿ. ಬ್ಯಾಟರ್ ಆಡುವ ಹೋಮ್ ಪ್ಲೇಟ್ ಹಿಂದೆ ಕುಳಿತರೆ ಚೆಂಡಿನ ತಿರುವು ಚೆನ್ನಾಗಿ ಕಾಣುತ್ತದೆ. ಪಿಚರ್‌ನ ವೇಗ ಮೊದಲ ಇನಿಂಗ್ಸ್‌ನಲ್ಲಿ ಎಷ್ಟು, ಐದನೆಯದರಲ್ಲಿ ಎಷ್ಟು ಅಂತ ಬರೆದುಕೊಳ್ಳಿ. ಮೇಜರ್ ಲೀಗ್‌ಗೆ 2023ರಲ್ಲಿ ಬಂದ ಪಿಚ್ ಕ್ಲಾಕ್ (ಪ್ರತಿ ಎಸೆತಕ್ಕೂ ಗಡುವು ಹಾಕುವ ಗಡಿಯಾರ) ಕೂಡ 2021ರಲ್ಲೇ ನಮ್ಮ ಈ ಲೀಗ್‌ನಲ್ಲಿ ಪರೀಕ್ಷೆಯಾಗಿತ್ತು.

ಈ ಹುಡುಗರ ಬದುಕನ್ನೂ ಮರೆಯಬಾರದು. ಮೈನರ್ ಲೀಗ್ ಆಟಗಾರರು 2022ರಲ್ಲಿ ಯೂನಿಯನ್ ಸೇರಿದರು. 2023ರ ಮೊದಲ ಒಪ್ಪಂದದಲ್ಲಿ ಸ್ಯಾನ್ ಹೋಸೆ ಮಟ್ಟದ ಕನಿಷ್ಠ ಸಂಬಳ ವರ್ಷಕ್ಕೆ 26,200 ಡಾಲರ್ ಆಯಿತು. ಅದಕ್ಕೂ ಮುಂಚೆ ಅದರ ಅರ್ಧವೂ ಇರಲಿಲ್ಲ. ಸರಿಯಾಗಿ ಊಟ, ನಿದ್ದೆ ಇಲ್ಲದವನ ಆಟ ಹೇಗೆ ಬೆಳೆಯಬೇಕು? ಕ್ಲಬ್‌ಗಳು ಮನೆ ಒದಗಿಸಲು ಶುರು ಮಾಡಿದ್ದು ಕೂಡ 2022ರಲ್ಲಿ.

ಸೆಪ್ಟೆಂಬರ್‌ನಲ್ಲಿ ಪಂದ್ಯ ಮುಗಿದರೂ ನನ್ನ ಕೆಲಸ ಮುಗಿಯುವುದಿಲ್ಲ. ನವೆಂಬರ್‌ನಲ್ಲಿ ಪ್ರತಿ ಕ್ಲಬ್ ಮೇಜರ್ ಲೀಗ್‌ಗಾಗಿ ಕಾಯ್ದಿಟ್ಟುಕೊಳ್ಳುವ ತನ್ನ 40 ಜನರ ಪಟ್ಟಿಗೆ ಯಾರನ್ನು ಸೇರಿಸಬೇಕು ಅಂತ ನಿರ್ಧರಿಸುತ್ತದೆ. 18 ಅಥವಾ ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಸೇರಿದವನಿಗೆ ಐದು ಋತು, ದೊಡ್ಡವನಾಗಿ ಸೇರಿದವನಿಗೆ ನಾಲ್ಕು. ಅಷ್ಟರೊಳಗೆ ಪಟ್ಟಿಗೆ ಸೇರದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ಕ್ಲಬ್ ಒಂದು ಲಕ್ಷ ಡಾಲರ್ ಕೊಟ್ಟು ಕರೆದೊಯ್ಯಬಹುದು. ಕರೆದೊಯ್ದವರು ಅವನನ್ನು ಮುಂದಿನ ವರ್ಷ ಪೂರ್ತಿ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಳೇ ಕ್ಲಬ್‌ಗೆ ಅವನನ್ನು ವಾಪಸ್ ಪಡೆಯುವ ಹಕ್ಕು. ಕ್ಲಬ್ ತನ್ನ ಹುಡುಗರ ಬಗ್ಗೆ ನಿಜವಾಗಿ ಏನು ಅಂದುಕೊಂಡಿದೆ ಅನ್ನುವುದು ಈ ಪಟ್ಟಿಯಲ್ಲಿ ಗೊತ್ತಾಗುತ್ತದೆ. ಹೊಸದಾಗಿ ಶುರು ಮಾಡುವವರು ಆ ಪಟ್ಟಿಯಿಂದಲೇ ನಾಲ್ಕೈದು ಹೆಸರು ಆರಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಅವರು ಯಾವ ಊರಿನಿಂದ ಶುರು ಮಾಡುತ್ತಾರೆ ನೋಡಿ.