ಉಗುರಿನಷ್ಟು ಜಾಗದಲ್ಲಿ ನಿಮ್ಮ ಆಟದ ಮುಖ

ಎರಡು ಮೂರು ವರ್ಷ ಕೂತು ಕಂಪ್ಯೂಟರ್ ಆಟ ಕಟ್ಟುತ್ತಾರೆ. ಒಂದೊಂದು ಜಿಗಿತ, ಒಂದೊಂದು ಸದ್ದನ್ನು ನೂರು ಸಲ ತಿದ್ದುತ್ತಾರೆ. ಆನ್‌ಲೈನ್ ಅಂಗಡಿಯಲ್ಲಿ ಕಾಣುವ ಮುಖಚಿತ್ರ ಮಾತ್ರ ಅಲ್ಲಿ ಆಟದ ಪುಟ ತೆರೆಯುವ ಹಿಂದಿನ ರಾತ್ರಿ ತಯಾರಾಗುತ್ತದೆ. ಆಟದೊಳಗಿನ ಒಂದು ಸ್ಕ್ರೀನ್‌ಶಾಟ್, ಅದರ ಮೇಲೆ ಹೆಸರು, ಅಲ್ಲಿಗೆ ಮುಗಿಯಿತು. ಬೆಂಗಳೂರಿನಲ್ಲಿ ಸಣ್ಣದಾಗಿ ಆಟ ಮಾಡುವ ಸ್ನೇಹಿತರಿಗೆ ಮುಖಚಿತ್ರ ತಿದ್ದಿಕೊಡುತ್ತಾ ಬಂದಿದ್ದೇನೆ. ಇದೇ ತಪ್ಪನ್ನು ಮತ್ತೆ ಮತ್ತೆ ನೋಡಿ ಸಂಕಟವಾಗುತ್ತದೆ. ಇಂಥ ಆಟಗಳನ್ನು ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಹೆಸರೇ ಕೇಳಿಲ್ಲದ ಆಟದ ಬಗ್ಗೆ ಜನ ಮೊದಲು ನೋಡುವುದು ಈ ಉಗುರಿನಷ್ಟು ಚಿತ್ರವನ್ನೇ. ಅಲ್ಲಿ ಬೆರಳು ನಿಂತರೆ ಮಾತ್ರ ಟ್ರೈಲರ್ ನೋಡುತ್ತಾರೆ. ಸ್ಟೀಮ್‌ನಲ್ಲಿ ಈ ಮುಖಚಿತ್ರಕ್ಕೆ ಕ್ಯಾಪ್ಸೂಲ್ ಅಂತ ಹೆಸರು.

ಮೊದಲು ಒಂದು ಸಾಲು ಬರೆಯಿರಿ: ಇದು ಯಾವ ಥರದ ಆಟ, ಆಡುವವರು ಏನು ಮಾಡುತ್ತಾರೆ. ಕಥೆ ಬೇಡ.

ಆಮೇಲೆ ಅದೇ ಜಾತಿಯ ಇಪ್ಪತ್ತು ಆಟಗಳ ಕ್ಯಾಪ್ಸೂಲ್ ಸೇರಿಸಿ ಒಂದೇ ಹಾಳೆಯಲ್ಲಿಡಿ. ಕಾಪಿ ಹೊಡೆಯುವುದಕ್ಕಲ್ಲ. ಬೇಸಾಯದ ಆಟ ಹುಡುಕುವವರ ಕಣ್ಣು ಏನನ್ನು ಹುಡುಕುತ್ತದೆ, ಭಯದ ಆಟ ಹುಡುಕುವವರ ಕಣ್ಣು ಏನನ್ನು ಹುಡುಕುತ್ತದೆ ಅನ್ನುವುದು ಹಾಳೆ ನೋಡಿದರೆ ಗೊತ್ತಾಗುತ್ತದೆ. 2016ರಲ್ಲಿ ಬಂದ ಸ್ಟಾರ್ಡ್ಯೂ ವ್ಯಾಲಿಯನ್ನು ನೋಡಿ. ಒಬ್ಬರೇ ಕೂತು ಮಾಡಿದ ಆಟ. ಮರದಲ್ಲಿ ಕಡೆದಂಥ ದಪ್ಪ ಅಕ್ಷರ, ಹಿಂದೆ ತಿಳಿ ಆಕಾಶ. ಓದುವ ಮೊದಲೇ ಹಳ್ಳಿ, ಹೊಲ, ನೆಮ್ಮದಿ ಅಂತ ತಿಳಿಯುತ್ತದೆ. ನಿಮ್ಮ ಆಟ ಕಾರ್ಡ್ ಆಟವಾಗಿದ್ದು ಮುಖಚಿತ್ರದಲ್ಲಿ ಕತ್ತಿ ಹಿಡಿದ ವೀರ ನಿಂತಿದ್ದರೆ, ಬರಬೇಕಾದವರು ಬರುವುದಿಲ್ಲ, ಬಂದವರು ಬೈದು ಹೋಗುತ್ತಾರೆ.

ಮೂರನೆಯದಾಗಿ, ಚಿತ್ರದಲ್ಲಿ ಏನಿರಬೇಕು ಅಂತ ತೀರ್ಮಾನಿಸಿ. ನನ್ನ ಮಟ್ಟಿಗೆ ಉತ್ತರ ಒಂದೇ: ಒಂದು ಮುಖ, ಇಲ್ಲವೇ ಒಂದು ವಸ್ತು. ಎರಡನೆಯದು ಬಂದರೆ ಅದು ಮೊದಲನೆಯದರ ಜೊತೆ ಏನೋ ಮಾಡುತ್ತಿರಬೇಕು, ಸುಮ್ನೆ ಪಕ್ಕದಲ್ಲಿ ನಿಂತಿರಬಾರದು. 2017ರ ಹಾಲೋ ನೈಟ್‌ನ ಪುಟ್ಟ ಯೋಧನನ್ನು ನೆನಪಿಸಿಕೊಳ್ಳಿ. ಬಿಳಿ ಮುಖವಾಡ, ಎರಡು ಕೊಂಬು, ಎರಡು ಕಪ್ಪು ಕಣ್ಣು. ಎಷ್ಟು ಚಿಕ್ಕದು ಮಾಡಿದರೂ ಆ ಆಕಾರ ಕರಗುವುದಿಲ್ಲ. ಇನ್ನೊಂದು ಮಾತು, ಆಟ ಪಿಕ್ಸೆಲ್ ಶೈಲಿಯಲ್ಲಿದ್ದರೆ, ಅಂದರೆ ಸಣ್ಣ ಸಣ್ಣ ಚೌಕಗಳಲ್ಲಿ ಕಟ್ಟಿದ್ದರೆ, ಮುಖಚಿತ್ರವೂ ಹಾಗೇ ಇರಬೇಕಂತೇನಿಲ್ಲ. 2018ರ ಸೆಲೆಸ್ಟ್ ಪಿಕ್ಸೆಲ್ ಆಟ, ಅದರ ಮುಖಚಿತ್ರ ಮಾತ್ರ ಬಿಡಿಸಿದ ಚಿತ್ರ.

ಒಬ್ಬ ಸ್ನೇಹಿತನ ಆಟ ಮಲೆನಾಡಿನ ಕಾಫಿ ತೋಟದಲ್ಲಿ ರಾತ್ರಿ ಕಾವಲು ಕಾಯುವ ಅಜ್ಜನದು. ಅವನು ತಂದ ಚಿತ್ರದಲ್ಲಿ ಅಜ್ಜ, ನಾಯಿ, ಬಂಗಲೆ, ಬೆಟ್ಟ, ಚಂದ್ರ, ಮಂಜು, ಕಾಫಿ ಗಿಡಗಳ ಸಾಲು ಎಲ್ಲ ಇತ್ತು. ದೊಡ್ಡ ಮಾನಿಟರ್‌ನಲ್ಲಿ ನಿಜಕ್ಕೂ ಚೆನ್ನಾಗಿತ್ತು. ಚಿಕ್ಕದು ಮಾಡಿದೆವು. ಕಪ್ಪು ನೀಲಿ ಪಟ್ಟಿಯ ಮೇಲೆ ಒಂದು ಹಳದಿ ಚುಕ್ಕೆ ಉಳಿಯಿತು, ಅದು ಅಜ್ಜನ ಕೈಯ ಲಾಟೀನು. ಸರಿ, ಚಿತ್ರದ ವಿಷಯ ಲಾಟೀನೇ ಅಂತ ಹೊರಟೆವು. ಸುಕ್ಕುಗಟ್ಟಿದ ಕೈ, ಎತ್ತಿ ಹಿಡಿದ ಲಾಟೀನು, ಕೆಳಗಿನಿಂದ ಬೆಳಕು ಬಿದ್ದ ಅರ್ಧ ಮುಖ, ಅಷ್ಟೇ. ಬೆಟ್ಟ, ಬಂಗಲೆ ಎಲ್ಲವನ್ನೂ ತೆಗೆದೆವು. ಅವನಿಗೆ ಎರಡು ದಿನ ಬೇಜಾರಿತ್ತು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಅದು ಲೋಗೋ, ಅಂದರೆ ಆಟದ ಹೆಸರು.

ಸ್ಟೀಮ್‌ಗೆ ನೀವು ಕೊಡುವ ಸಣ್ಣ ಕ್ಯಾಪ್ಸೂಲ್ 462×174 ಪಿಕ್ಸೆಲ್. ಅದನ್ನು ಅವರೇ ಕುಗ್ಗಿಸಿ 184×69 ಮತ್ತು 120×45 ಅಳತೆಯಲ್ಲಿ ಪಟ್ಟಿಗಳಲ್ಲಿ ತೋರಿಸುತ್ತಾರೆ. ನಲವತ್ತೈದು ಪಿಕ್ಸೆಲ್ ಎತ್ತರ! ಅದರೊಳಗೆ ಹೆಸರು ಓದಿಸಬೇಕು. ಹಾಗಾಗಿ ಸಣ್ಣ ಕ್ಯಾಪ್ಸೂಲ್‌ನಲ್ಲಿ ಹೆಸರೇ ಹೆಚ್ಚುಕಡಿಮೆ ಇಡೀ ಜಾಗ ತುಂಬಲಿ, ಚಿತ್ರ ಹಿಂದೆ ಬಣ್ಣವಾಗಿ ಉಳಿದರೆ ಸಾಕು. ದೊಡ್ಡ ಚಿತ್ರವನ್ನೇ ಕುಗ್ಗಿಸಿ ಇಲ್ಲಿ ಹಾಕುವುದು ಎಲ್ಲರೂ ಹಿಡಿಯುವ ಅಡ್ಡದಾರಿ, ದಯವಿಟ್ಟು ಹಿಡಿಯಬೇಡಿ. ಇದನ್ನು ಬೇರೆಯಾಗಿಯೇ ಜೋಡಿಸಬೇಕು. ನಾನಂತೂ ಕೆಲಸ ಶುರುಮಾಡುವುದೇ ಇಲ್ಲಿಂದ. 120×45ರ ಒಂದು ಚೌಕಟ್ಟು ತೆರೆದು ಮೂರೇ ಬಣ್ಣದಲ್ಲಿ ಹೆಸರು ಮತ್ತು ಒಂದು ಆಕಾರ ಇಟ್ಟು ನೋಡುತ್ತೇನೆ. ಅಲ್ಲಿ ನಿಂತದ್ದು ದೊಡ್ಡದರಲ್ಲಿ ಖಂಡಿತ ನಿಲ್ಲುತ್ತದೆ.

ಅಕ್ಷರ ದಪ್ಪ ಇರಲಿ. ತೆಳ್ಳಗಿನ ನಾಜೂಕು ಫಾಂಟ್ ಪೋಸ್ಟರಿಗೆ ಚೆಂದ, ಇಲ್ಲಿ ಕೂದಲೆಳೆಯಾಗಿ ಮಾಯವಾಗುತ್ತದೆ. ಹೆಸರು ಉದ್ದವಾಗಿದ್ದರೆ ಎರಡು ಸಾಲು ಮಾಡಿ. ಇಂಗ್ಲಿಷ್ ಹೆಸರಿನಲ್ಲಿ ‘ದಿ’, ‘ಆಫ್’ ಇದ್ದರೆ ಅವನ್ನು ಚಿಕ್ಕದಾಗಿ ಸಂದಿಯಲ್ಲಿ ಕೂರಿಸಿ, ಮುಖ್ಯ ಪದಕ್ಕೆ ಜಾಗ ಬಿಡಿ. ಅಕ್ಷರದ ಸುತ್ತ ಗಾಢ ಬಣ್ಣದ ಔಟ್‌ಲೈನ್, ಅದರ ಹಿಂದೆ ಮೆತ್ತಗಿನ ನೆರಳು. ಲೋಗೋ ಕೂರುವ ಜಾಗದಲ್ಲಿ ಎಲೆ, ಹುಲ್ಲು, ಕಿಡಿ ಅಂತ ಸಣ್ಣ ವಿವರ ಬಿಡಿಸಬೇಡಿ. ಜಾಗವನ್ನು ಮೊದಲೇ ಖಾಲಿ ಬಿಟ್ಟುಕೊಂಡು ಚಿತ್ರ ಮಾಡಿ. ಚಿತ್ರ ಮುಗಿದ ಮೇಲೆ ಹೆಸರಿಗೆ ಜಾಗ ಹುಡುಕಲು ಹೋದರೆ ಅದು ನಾಯಕನ ಹೊಟ್ಟೆಯ ಮೇಲೆ ಬಂದು ಕೂರುತ್ತದೆ.

ಹೆಸರನ್ನು ಕನ್ನಡದಲ್ಲೇ ಹಾಕುವ ಆಸೆ ಇರುವವರಿಗೆ ಇನ್ನೊಂದು ಮಾತು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಕತ್ತಲು’ ಅಂತ ಬರೆದರೆ ಒಂದು ಒತ್ತಿಗೋಸ್ಕರ ಇಡೀ ಪದದ ಅಕ್ಷರಗಳು ಚಿಕ್ಕದಾಗಬೇಕಾಗುತ್ತದೆ. ‘ಬೆಳಕು’ ಅಂತ ಬರೆದರೆ ಆ ತೊಂದರೆ ಇಲ್ಲ. ಹಾಗಂತ ಹೆಸರು ಬದಲಿಸಬೇಕಿಲ್ಲ. ಫಾಂಟ್‌ನಲ್ಲಿ ಟೈಪ್ ಮಾಡಿ ಬಿಡುವ ಬದಲು ಅಕ್ಷರವನ್ನು ಕೈಯಲ್ಲಿ ಬರೆಸಿ. ಒತ್ತನ್ನು ಸ್ವಲ್ಪ ದಪ್ಪ ಮಾಡಿ, ಮೇಲಕ್ಕೆ ಎಳೆದು, ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ಸೇರಿಸಬಹುದು. ನಮ್ಮ ಹಳೆಯ ಬೋರ್ಡ್ ಬರೆಯುವವರು ಇದನ್ನು ಎಷ್ಟು ಸಲೀಸಾಗಿ ಮಾಡುತ್ತಿದ್ದರು! ಅಂಗಡಿ ಬೋರ್ಡುಗಳನ್ನು ನಿಂತು ನೋಡಿ, ಕಲಿಯುವುದು ಬಹಳ ಇದೆ.

ಪರೀಕ್ಷೆ ಹೀಗೆ ಮಾಡಿ. ಸ್ಟೀಮ್‌ನ ಮುಖಪುಟದ ಸ್ಕ್ರೀನ್‌ಶಾಟ್ ತೆಗೆದು, ಅಲ್ಲಿರುವ ಯಾವುದೋ ಆಟದ ಚಿತ್ರದ ಮೇಲೆ ನಿಮ್ಮದನ್ನು ಅಂಟಿಸಿ. ಫೋನಿಗೆ ಕಳಿಸಿಕೊಳ್ಳಿ. ಆಟದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಒಂದು ಕ್ಷಣ ತೋರಿಸಿ ಫೋನ್ ತಿರುಗಿಸಿಬಿಡಿ. ಹೆಸರೇನು, ಎಂಥ ಆಟ ಅಂತ ಕೇಳಿ. ಚೆನ್ನಾಗಿದೆಯಾ ಅಂತ ಮಾತ್ರ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಲಾಟೀನಿನ ಚಿತ್ರವನ್ನು ಸ್ನೇಹಿತನ ಅಕ್ಕನಿಗೆ ತೋರಿಸಿದಾಗ ಅವರು ‘ದೆವ್ವದ ಆಟನಾ?’ ಅಂದರು. ಆಟದಲ್ಲಿ ದೆವ್ವ ಇಲ್ಲ. ಬೆಳಕಿನ ಹಸಿರು ಛಾಯೆ ತೆಗೆದು ಕಿತ್ತಳೆ ಮಾಡಿದೆವು, ಅಜ್ಜನ ಬಾಯಂಚಿಗೆ ಸ್ವಲ್ಪ ನಗು ತಂದೆವು. ಆಮೇಲೆ ಯಾರೂ ದೆವ್ವ ಅನ್ನಲಿಲ್ಲ.

ಬಣ್ಣದ ವಿಷಯದಲ್ಲಿ ಒಂದೇ ಎಚ್ಚರಿಕೆ. ಸ್ಟೀಮ್‌ನ ಪುಟವೇ ಗಾಢ ನೀಲಿ. ಅಂಚಿನವರೆಗೂ ಕಪ್ಪು ನೀಲಿ ತುಂಬಿದ ಚಿತ್ರ ಅದರಲ್ಲಿ ಮುಳುಗಿಹೋಗುತ್ತದೆ. ರಾತ್ರಿಯ ದೃಶ್ಯವೇ ಬೇಕಿದ್ದರೆ ಅಂಚಿನಲ್ಲಿ ನೇರಳೆಯೋ ಕಂದೋ ಬರಲಿ. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿಯೂ ಒಮ್ಮೆ ನೋಡಿ, ಹೆಸರು ಆಗಲೂ ಎದ್ದು ಕಾಣಬೇಕು.

ಅಳತೆಗಳನ್ನು ಬರೆದಿಟ್ಟುಕೊಳ್ಳಿ: ಆಟದ ಪುಟದ ಮೇಲ್ಗಡೆ ಬರುವ ಹೆಡರ್ 920×430, ಮುಖ್ಯ ಕ್ಯಾಪ್ಸೂಲ್ 1232×706, ನಿಂತ ಆಕಾರದ ಉದ್ದನೆಯದು 748×896, ಲೈಬ್ರರಿಗೆ (ಆಟಗಾರರು ಕೊಂಡ ಆಟಗಳು ಕಾಣುವ ಜಾಗ) 600×900. ಲೈಬ್ರರಿಯಲ್ಲಿ ‘ಹೀರೋ’ ಅನ್ನುವ ಅಗಲದ ಹಿನ್ನೆಲೆ ಚಿತ್ರ 3840×1240, ಅದರ ಮೇಲೆ ಅಕ್ಷರ ಇರಬಾರದು, ಲೋಗೋ ಬೇರೆ ಪಾರದರ್ಶಕ ಪಿಎನ್‌ಜಿಯಾಗಿ ಹೋಗುತ್ತದೆ. ಆಟ ಮಾರುವ ಇನ್ನೊಂದು ತಾಣ ಇಚ್‌ ಡಾಟ್‌ ಐಓಗೆ 630×500.

2022ರ ಸೆಪ್ಟೆಂಬರ್ 1ರಿಂದ ಸ್ಟೀಮ್‌ನಲ್ಲಿ ಒಂದು ನಿಯಮ ಇದೆ. ಕ್ಯಾಪ್ಸೂಲ್ ಮೇಲೆ ಆಟದ ಚಿತ್ರ, ಹೆಸರು, ಅಧಿಕೃತ ಉಪಶೀರ್ಷಿಕೆ ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ. ವಿಮರ್ಶೆಯ ಅಂಕ, ಪ್ರಶಸ್ತಿಯ ಗುರುತು, ‘ಇಷ್ಟು ರಿಯಾಯಿತಿ’ ಎಲ್ಲ ಬಂದ್. ಒಳ್ಳೆಯದೇ ಆಯಿತು, ಆ ಚೀಟಿಗಳು ಚಿತ್ರವನ್ನು ಹಾಳು ಮಾಡುತ್ತಿದ್ದವು.

ಆನ್‌ಲೈನ್‌ನಲ್ಲಿ ಐದು ನಿಮಿಷಕ್ಕೆ ಲೋಗೋ ಮಾಡಿಕೊಡುವ ತಾಣಗಳನ್ನು ನಂಬಬೇಡಿ. ಅದೇ ಲೋಹದ ಹೊಳಪು, ಅದೇ ಬೆಂಕಿ, ಇನ್ನೂ ಹತ್ತು ಆಟಗಳ ಮೇಲೆ ಇರುತ್ತದೆ. ಉಚಿತ ಫಾಂಟ್ ಇಳಿಸಿಕೊಂಡರೆ ಲೈಸೆನ್ಸ್ ಓದಿ, ಎಷ್ಟೋ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ ಉಚಿತ, ಮಾರುವ ಆಟಕ್ಕಲ್ಲ. ಎಐ ಚಿತ್ರ ಬಳಸುವುದು ನನಗಂತೂ ಇಷ್ಟವಿಲ್ಲ. ಬಳಸಿದರೆ ಸ್ಟೀಮ್‌ಗೆ ತಿಳಿಸಬೇಕು, ಅದು ನಿಮ್ಮ ಪುಟದಲ್ಲಿ ಕಾಣುತ್ತದೆ, ಅದನ್ನು ನೋಡಿ ವಾಪಸ್ ಹೋಗುವ ಆಟಗಾರರು ಇದ್ದಾರೆ.

ದುಡ್ಡು ಇದ್ದರೆ ಕಲಾವಿದರಿಂದಲೇ ಮಾಡಿಸಿ. ಆಟದಲ್ಲಿ ಬೇರೆಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ. ನೀವು ಬರೆದ ಆ ಒಂದು ಸಾಲು, ಇಪ್ಪತ್ತು ಚಿತ್ರಗಳ ಹಾಳೆ, 120×45ರ ಕರಡು, ಇಷ್ಟು ಕೈಗೆ ಕೊಡಿ. ಎಲ್ಲ ಅಳತೆಗೂ ಬೇರೆ ಬೇರೆ ಜೋಡಣೆ ಬೇಕು ಅಂತ ಮೊದಲೇ ಹೇಳಿ, ದರವನ್ನೂ ಹಾಗೇ ಮಾತಾಡಿ. ಮುಖ್ಯವಾಗಿ, ಪಾತ್ರ, ಹಿನ್ನೆಲೆ, ಲೋಗೋ ಬೇರೆ ಬೇರೆ ಲೇಯರ್‌ನಲ್ಲಿರುವ ಮೂಲ ಫೈಲ್ ಕೇಳಿ. ಒಂದೇ ಚಪ್ಪಟೆ ಚಿತ್ರ ಸಿಕ್ಕರೆ, ಅಡ್ಡ ಚಿತ್ರವನ್ನು ಉದ್ದ ಮಾಡುವಾಗ ಅಜ್ಜನ ಕೈ ಲಾಟೀನಿನ ಸಮೇತ ಕತ್ತರಿಸಿ ಹೋಗುತ್ತದೆ. ಆ ಫೈಲ್ ತೆರೆದು ನೋಡಿ, ಲೇಯರ್ ಸರಿಯಿದ್ದರೆ ಕೊನೆಯ ಕಂತು ಕೊಡಿ.