ಏರುದಾರಿಯ ಊರಲ್ಲಿ ಹಿರಿಯರಿಗೆ ಇ-ಸೈಕಲ್: ಆರಿಸುವುದು, ಓಡಿಸಿ ನೋಡುವುದು

ಇ-ಸೈಕಲ್ ಅಂಗಡಿಗೆ ಹೋದವರು ಮೊದಲು ಕೇಳುವುದು "ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್?" ಎಂದು. ಮಲೆನಾಡಿನಲ್ಲೋ ಕೊಡಗಿನಲ್ಲೋ ಅರವತ್ತು ದಾಟಿದ ಅಪ್ಪ ಅಮ್ಮನಿಗೆ ಕೊಳ್ಳುವುದಾದರೆ ಈ ಪ್ರಶ್ನೆ ಕೊನೆಗೆ ಬರಲಿ. ಸಮತಟ್ಟು ರಸ್ತೆಯ ಆ ಅಂಕಿ ಮೂಡಿಗೆರೆಯ ಏರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಏರಿನ ನಡುವೆ ನಿಂತರೆ ಮತ್ತೆ ಹೊರಡಬಹುದೇ? ಮಂಡಿ ನೋಯದೆ ನಿಧಾನವಾಗಿ ಹತ್ತಬಹುದೇ? ಮಳೆಯಲ್ಲಿ ಇಳಿಯುವಾಗ ಎರಡು ಬೆರಳ ಬ್ರೇಕಿಗೆ ಸೈಕಲ್ ನಿಲ್ಲುತ್ತದೆಯೇ? ತಿಳಿಯಬೇಕಾದ್ದು ಇಷ್ಟು.

ಮೊದಲು ನಿಮ್ಮ ಏರನ್ನು ಅಳೆಯಿರಿ

ಮಲೆನಾಡಿನ ಮನೆಗಳಲ್ಲಿ ಕಡಿದಾದ ಏರು ಹೆಚ್ಚಾಗಿ ಹೆದ್ದಾರಿಯಲ್ಲಿರುವುದಿಲ್ಲ. ಅದು ಅಂಗಳದಿಂದ ಟಾರು ರಸ್ತೆಗೆ ಹತ್ತುವ ನೂರಿನ್ನೂರು ಅಡಿಯಲ್ಲಿರುತ್ತದೆ. ಸರಿಯಾಗಿ 1 ಮೀಟರ್ ಉದ್ದದ ನೇರ ಪಟ್ಟಿ ಮತ್ತು ಗಾರೆಯವರ ರಸಮಟ್ಟ ತೆಗೆದುಕೊಳ್ಳಿ. ಪಟ್ಟಿಯ ಒಂದು ತುದಿ ಏರಿನ ಮೇಲ್ಭಾಗದಲ್ಲಿ ನೆಲಕ್ಕೆ ತಾಗಿರಲಿ. ಇನ್ನೊಂದು ತುದಿಯನ್ನು ರಸಮಟ್ಟದ ಗುಳ್ಳೆ ನಡುವೆ ಬರುವವರೆಗೆ ಎತ್ತಿ, ಅದರ ಕೆಳಗಿನ ಸಂದನ್ನು ಅಳೆಯಿರಿ. ಸಂದು 8 ಸೆಂ.ಮೀ. ಇದ್ದರೆ ಏರು ಶೇ. 8, 12 ಇದ್ದರೆ ಶೇ. 12. ನಾಲ್ಕೈದು ಕಡೆ ಅಳೆದು ಅತಿ ಹೆಚ್ಚಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಮಾತನಾಡಲು ಇದೇ ಆಧಾರ.

ಸವಾರ, ಸೈಕಲ್, ಚೀಲ ಸೇರಿ 100 ಕೆ.ಜಿ. ಎಂದುಕೊಳ್ಳಿ. ಶೇ. 8ರ ಏರು ಹತ್ತಲು ಚಕ್ರ ಸುಮಾರು 88 ನ್ಯೂಟನ್ ಬಲದಿಂದ ತಳ್ಳಬೇಕು, ಶೇ. 12ಕ್ಕೆ ಸುಮಾರು 128, ಶೇ. 15ಕ್ಕೆ 157. ಹಿಂಚಕ್ರದ ನಡುವೆ ಕೂರುವ ಹಬ್ ಮೋಟಾರಿನ ಟಾರ್ಕ್ (ತಿರುಗಿಸುವ ಬಲ) 40 ನ್ಯೂಟನ್ ಮೀಟರ್ ಎಂದು ಬರೆದಿದ್ದರೆ, 27.5 ಇಂಚಿನ ಚಕ್ರದಲ್ಲಿ ಅದು ಕೊಡುವ ತಳ್ಳು ಸುಮಾರು 115 ನ್ಯೂಟನ್. ಅದೂ ಗರಿಷ್ಠ, ತುಸು ಹೊತ್ತು ಮಾತ್ರ. ಹಾಗಾಗಿ ಶೇ. 8ರವರೆಗೆ ಹಬ್ ಮೋಟಾರ್ ಸಾಕು. ಶೇ. 10–12ರ ಏರು ಚಿಕ್ಕದಾಗಿದ್ದರೆ ಪೆಡಲ್ ತುಳಿಯುತ್ತಾ ದಾಟಬಹುದು. ಅದಕ್ಕೂ ಕಡಿದಾಗಿದ್ದರೆ, ಅಥವಾ ಅದೇ ಏರು ಕಿಲೋಮೀಟರುಗಟ್ಟಲೆ ಇದ್ದರೆ, ಪೆಡಲಿನ ಅಚ್ಚಿನ ಬಳಿ ಕೂರುವ ಮಿಡ್-ಡ್ರೈವ್ ಮೋಟಾರೇ ಬೇಕು. ಅದರ ಬಲ ಚೈನು, ಗೇರುಗಳ ಮೂಲಕ ಹಾಯುವುದರಿಂದ ಸಣ್ಣ ಗೇರಿಗೆ ಇಳಿಸಿದಾಗ ಮೋಟಾರು ತನಗೆ ಹಿತವಾದ ವೇಗದಲ್ಲೇ ತಿರುಗುತ್ತದೆ. ಹಬ್ ಮೋಟಾರಿಗೆ ಆ ಅನುಕೂಲ ಇಲ್ಲ. ಗಂಟೆಗೆ 6–7 ಕಿ.ಮೀ.ಗೆ ಇಳಿದರೆ ಬ್ಯಾಟರಿಯಿಂದ ಎಳೆದ ಶಕ್ತಿಯಲ್ಲಿ ಬಹುಪಾಲು ಶಾಖವಾಗುತ್ತದೆ. ಒಳಗಿನ ನೈಲಾನ್ ಹಲ್ಲುಗಳು ಸವೆಯುವುದು, ಮೋಟಾರಿನ ತಿರುಗುವಿಕೆ ಗುರುತಿಸುವ ಹಾಲ್ ಸೆನ್ಸರ್ ಸುಡುವುದು ಹೀಗೆಯೇ.

ವ್ಯಾಟ್ ಹೆಚ್ಚಿದ್ದರೆ ಸರಿಯಾಗುತ್ತದೆಂದು 500 ವ್ಯಾಟಿನದನ್ನು ತೋರಿಸುವವರಿದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರು 30 ನಿಮಿಷ ಸತತ ಕೊಡಬಲ್ಲ ಶಕ್ತಿ 0.25 ಕಿಲೋವ್ಯಾಟಿಗಿಂತಲೂ (250 ವ್ಯಾಟ್) ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆ ಇದ್ದರೆ ಮಾತ್ರ ನೋಂದಣಿ, ಲೈಸೆನ್ಸ್‌ಗಳಿಂದ ವಿನಾಯಿತಿ. ವೇಗದ ಮಿತಿ ತೆಗೆದುಕೊಡುತ್ತೇವೆಂದು ಅಂಗಡಿಯವರು ಹೇಳಿದರೆ ಬೇಡವೆನ್ನಿ. ಆ ಬ್ರೇಕು, ಆ ಫ್ರೇಮು ಆ ವೇಗಕ್ಕೆ ಮಾಡಿದ್ದಲ್ಲ.

ಮಂಡಿ ಉಳಿಸುವುದು ಗೇರು

ಮೋಟಾರಿನಷ್ಟೇ ಮುಖ್ಯವಾದ ಗೇರಿನ ಹಲ್ಲುಗಳನ್ನು ಬಹಳ ಮಂದಿ ಎಣಿಸುವುದೇ ಇಲ್ಲ. ಇಲ್ಲಿ ಸಿಗುವ ಅನೇಕ ಸೈಕಲ್‌ಗಳಲ್ಲಿ ಮುಂದೆ 42 ಹಲ್ಲು, ಹಿಂದಿನ ದೊಡ್ಡ ಬಿಲ್ಲೆಯಲ್ಲಿ 28 ಹಲ್ಲು. ಇದರಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದರೆ ಕಾಲು ನಿಮಿಷಕ್ಕೆ ಸುಮಾರು 41 ಸುತ್ತು ಮಾತ್ರ ತಿರುಗುತ್ತದೆ. ಪ್ರತಿ ಸುತ್ತಿಗೂ ಮಂಡಿಯ ಮೇಲೆ ಭಾರ. ಮುಂದೆ 36, ಹಿಂದೆ 34 ಇದ್ದರೆ ಅದೇ ವೇಗಕ್ಕೆ ಸುಮಾರು 59 ಸುತ್ತು, ತುಳಿತ ಹಗುರ. ಮುಂದಿನ ಹಲ್ಲುಚಕ್ರ ಮತ್ತು ಹಿಂದಿನ ಫ್ರೀವೀಲ್ ಬದಲಿಸಿಕೊಡುವಿರಾ ಎಂದು ಕೊಳ್ಳುವ ಮೊದಲೇ ಕೇಳಿ. ಫ್ರೀವೀಲ್ ದೊಡ್ಡದಾದರೆ, ಚೈನನ್ನು ಬಿಲ್ಲೆಯಿಂದ ಬಿಲ್ಲೆಗೆ ಸರಿಸುವ ಡಿರೇಲರ್ ಅದಕ್ಕೆ ಹೊಂದಬೇಕು, ಚೈನೂ ಉದ್ದವಾಗಬೇಕು. ಮೂರನ್ನೂ ಒಟ್ಟಿಗೆ ಮಾಡಿಸದಿದ್ದರೆ ಚೈನು ಏರಿನಲ್ಲೇ ಕಳಚಿ ಬೀಳುತ್ತದೆ.

ತುಳಿತವನ್ನು ಗುರುತಿಸಿ ಮೋಟಾರನ್ನು ಓಡಿಸುವ ಸೆನ್ಸರ್ ಎರಡು ಬಗೆ. ಕೇಡೆನ್ಸ್ ಸೆನ್ಸರಿಗೆ ಗೊತ್ತಾಗುವುದು ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದಷ್ಟೇ. ಅರ್ಧ ಸುತ್ತಿನ ನಂತರ ಮೋಟಾರು ಒಮ್ಮೆಲೇ ನುಗ್ಗುತ್ತದೆ, ತುಳಿಯುವುದು ನಿಲ್ಲಿಸಿದ ಮೇಲೂ ಕ್ಷಣಕಾಲ ತಳ್ಳುತ್ತದೆ. ಹಿಮ್ಮುರಿ ತಿರುವಿನಲ್ಲಿ ಹಿರಿಯರು ಬೀಳುವುದು ಈ ನುಗ್ಗಿಗೆ. ಟಾರ್ಕ್ ಸೆನ್ಸರ್ ಕಾಲಿನ ಒತ್ತಡಕ್ಕೆ ತಕ್ಕಷ್ಟು ಸಹಾಯ ಕೊಡುತ್ತದೆ. ಬೆಲೆ ಹೆಚ್ಚಾದರೂ ಇದನ್ನೇ ಆರಿಸಿ ಎಂಬುದು ನಮ್ಮ ಸಲಹೆ. ಆದರೆ ನಿಂತಿರುವಾಗ ಪೆಡಲ್ ಮೇಲೆ ಕಾಲಿಟ್ಟು ಒತ್ತಿದರೂ ಇದು ಹೊರಟುಬಿಡಬಹುದು. ಹತ್ತುವಾಗ ಇಳಿಯುವಾಗ ಬ್ರೇಕ್ ಹಿಡಿದೇ ಇರುವುದನ್ನು ಮೊದಲ ದಿನವೇ ಕಲಿಸಿ.

ತುಳಿಯದೆಯೇ ಕೈಯಿಂದ ಮೋಟಾರು ಓಡಿಸುವ ಥ್ರಾಟಲ್ ಇದ್ದರೆ ಏರಿನಲ್ಲಿ ಹೊರಡಲು ಅನುಕೂಲ. ಹೆಬ್ಬೆರಳಿನಲ್ಲಿ ಒತ್ತುವಂಥದ್ದು ಇರಲಿ. ಹಿಡಿಕೆಯನ್ನೇ ತಿರುಚುವಂಥದ್ದು, ಸೈಕಲನ್ನು ಕೈಯಲ್ಲಿ ನೂಕುವಾಗ ಗೊತ್ತಿಲ್ಲದೆ ತಿರುಗಿ ಎಳೆದುಕೊಂಡು ಹೋಗುತ್ತದೆ.

ಫ್ರೇಮು: ಅಡ್ಡದಂಡ ಇಲ್ಲದ, ತಗ್ಗು ಫ್ರೇಮೇ ಬೇಕು. ಗಂಡಸರೂ ಸಂಕೋಚಪಡಬೇಕಿಲ್ಲ. ಸೊಂಟ, ಮಂಡಿ ಬಿಗಿಯಾದವರಿಗೆ ಕಾಲು ದಾಟಿಸುವ ಎತ್ತರ 40 ಸೆಂ.ಮೀ. ಒಳಗಿರಲಿ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವ ಎತ್ತರ ಸೀಟಿಗೆ ಸರಿ. ಹೊಸದಾಗಿ ಕಲಿಯುವ ವಾರಗಳಲ್ಲಿ ಅದಕ್ಕಿಂತ ಒಂದೆರಡು ಸೆಂ.ಮೀ. ತಗ್ಗಿಸಿ, ಎರಡೂ ಪಾದಗಳ ಮುಂಭಾಗ ನೆಲಕ್ಕೆ ಊರುವಂತಿರಲಿ.

ಬ್ರೇಕಿನಲ್ಲಿ ಉಳಿತಾಯ ಮಾಡಬೇಡಿ. ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಡಿಸ್ಕ್ ಇರಲಿ, ಅದರ ತಟ್ಟೆ ಮುಂದೆ 180 ಮಿ.ಮೀ., ಹಿಂದೆ 160. ಕೇಬಲ್ ಎಳೆಯುವ ಡಿಸ್ಕಿಗೆ ಬೆರಳಿನ ಬಲ ಹೆಚ್ಚು ಬೇಕು. ಸಂಧಿವಾತ ಇದ್ದವರಿಗೆ ಐದು ನಿಮಿಷದ ಇಳಿಜಾರಿಗೇ ಕೈ ಸೋಲುತ್ತದೆ. ಲಿವರಿನ ಹತ್ತಿರ ಸಣ್ಣ ಸ್ಕ್ರೂ ಇರುತ್ತದೆ. ತಿರುಗಿಸಿ ಲಿವರನ್ನು ಬೆರಳಿಗೆ ಹತ್ತಿರ ತನ್ನಿ. ಲಿವರ್ ಹಿಡಿದ ಕೂಡಲೇ ಮೋಟಾರು ನಿಲ್ಲುತ್ತದೆಯೇ ಎಂದೂ ನೋಡಿ. ಮಳೆಗಾಲದ ಕೆಸರಿನಲ್ಲಿ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ, ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡ್ ಹೆಚ್ಚು ಬಾಳುತ್ತದೆ. ಉಜ್ಜುವ ಪದರ 1 ಮಿ.ಮೀ.ಗೆ ಇಳಿದರೆ ಬದಲಿಸಿ.

ಓಡಿಸಿ ನೋಡುವ ಕ್ರಮ

ಅಂಗಡಿ ಮುಂದಿನ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಯಾವ ಸೈಕಲೂ ಚೆನ್ನಾಗಿಯೇ ಇರುತ್ತದೆ. ಓಡಿಸುವವರೇ ಬರಲಿ, ದಿನಾ ಒಯ್ಯುವ ಚೀಲದಲ್ಲಿ 5 ಕೆ.ಜಿ. ತೂಕವೂ ಇರಲಿ. ಬ್ಯಾಟರಿ ತುಂಬಿದ್ದಾಗ ನೋಡಿದರೆ ಸಾಲದು, ಮೂರನೇ ಒಂದು ಭಾಗ ಉಳಿದಿರುವಾಗ ನೋಡಿ. 36 ವೋಲ್ಟಿನ ಬ್ಯಾಟರಿ ತುಂಬಿದಾಗ 42 ವೋಲ್ಟ್ ಇರುತ್ತದೆ. ಕಡಿಮೆ ಚಾರ್ಜಿನಲ್ಲಿ ಏರು ಹತ್ತಿದರೆ ವೋಲ್ಟೇಜ್ ಕುಸಿದು, ಮೋಟಾರಿಗೆ ವಿದ್ಯುತ್ ಹಂಚುವ ಕಂಟ್ರೋಲರ್ ಮೋಟಾರನ್ನೇ ನಿಲ್ಲಿಸಬಹುದು. ಹೀಗಾಗುವುದು ಮನೆಗೆ ಮರಳುವ ಕೊನೆಯ ಏರಿನಲ್ಲೇ.

1. ನೀವು ಅಳೆದಷ್ಟೇ ಕಡಿದಾದ ಏರಿನ ನಡುವೆ ನಿಲ್ಲಿಸಿ. ಸಣ್ಣ ಗೇರು ಮೊದಲೇ ಹಾಕಿರಲಿ. ಬ್ರೇಕ್ ಹಿಡಿದು ಒಂದು ಪೆಡಲ್ ಮೇಲೆ ತಂದು ಹೊರಡಿ. ಮೂರು ಸಲದಲ್ಲಿ ಮೂರೂ ಸಲ ಓಲಾಡದೆ ಹೊರಡಬೇಕು.

2. ಅದೇ ಏರನ್ನು 10 ನಿಮಿಷ, ಅಥವಾ ಮೇಲಕ್ಕೂ ಕೆಳಕ್ಕೂ ನಾಲ್ಕೈದು ಸಲ ಹತ್ತಿ. ಹತ್ತುತ್ತಲೇ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗಬೇಕು. ಏದುಸಿರು ಬಂದರೆ ಸಹಾಯದ ಮಟ್ಟ ಹೆಚ್ಚಿಸಿ. ಗರಿಷ್ಠ ಮಟ್ಟದಲ್ಲೂ ಏದುಸಿರಾದರೆ ಆ ಸೈಕಲ್ ನಿಮ್ಮ ದಾರಿಗೆ ಆಗದು. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಮೇಲೆ ಬಂದ ಮೇಲೆ ಹಬ್ ಮೋಟಾರಿನ ಹತ್ತಿರ ಕೈ ತನ್ನಿ: ಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಬಿಸಿಯಿದ್ದರೆ ಬೇಡ.

3. ಇಳಿಯುವಾಗ ಗಂಟೆಗೆ 15 ಕಿ.ಮೀ.ನಲ್ಲಿ ಎರಡೆರಡು ಬೆರಳಲ್ಲಿ ಎರಡೂ ಬ್ರೇಕ್ ಹಿಡಿದು ನಿಲ್ಲಿಸಿ. ಪ್ಯಾಡಿಗೆ ನೀರು ಚಿಮುಕಿಸಿ ಮತ್ತೊಮ್ಮೆ ನೋಡಿ.

4. ಮೋಟಾರ್ ಆಫ್ ಮಾಡಿ 50 ಮೀಟರ್ ನೂಕಿ. ವಾಕ್ ಮೋಡ್ (ನೂಕುವಾಗ ಮೋಟಾರು ನಿಧಾನವಾಗಿ ನೆರವಾಗುವುದು) ಇದ್ದರೆ ಏರಿನಲ್ಲಿ ಅದನ್ನೂ ನೋಡಿ. 20–25 ಕೆ.ಜಿ. ಸೈಕಲನ್ನು ಜಗಲಿಯ ಮೆಟ್ಟಿಲು ಹತ್ತಿಸಲು ಅವರಿಗೆ ಆಗದಿದ್ದರೆ ಹಲಗೆಯ ಇಳಿಜಾರು ಮಾಡಿಸಬೇಕಾಗುತ್ತದೆ.

ಬ್ಯಾಟರಿಯ ಲೆಕ್ಕವನ್ನು ಎತ್ತರದಲ್ಲಿ ಹಾಕಿ. 100 ಕೆ.ಜಿ.ಯನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು 27 ವ್ಯಾಟ್-ಅವರ್ ಬೇಕು. ನಷ್ಟ ಸೇರಿದರೆ, ಮೋಟಾರೇ ಪೂರ್ತಿ ಎಳೆಯುವಾಗ ಸುಮಾರು 40. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ಇದೆ; 290ಕ್ಕೆ ಲೆಕ್ಕ ಹಾಕಿ. ಇಳಿಯುವಾಗ ಮತ್ತೆ ತುಂಬುತ್ತದೆಂಬ ಮಾತು ಹಲ್ಲುಳ್ಳ ಹಬ್ ಮೋಟಾರಿಗೂ ಮಿಡ್-ಡ್ರೈವಿಗೂ ಅನ್ವಯಿಸದು. ಅವುಗಳಲ್ಲಿ ಚಕ್ರ ಮೋಟಾರನ್ನು ಹಿಂದಕ್ಕೆ ತಿರುಗಿಸುವುದೇ ಇಲ್ಲ.

ಮಳೆ, ಗುಡುಗು, ಪಂಕ್ಚರ್

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಅಂಥ ಕಡೆ ಎರಚಲು ತಡೆಯುವ ಐಪಿಎಕ್ಸ್4 ಸಾಲದು. ಬ್ಯಾಟರಿ ಮತ್ತು ಕಂಟ್ರೋಲರಿಗೆ ನೀರಿನ ಧಾರೆಯನ್ನೂ ತಡೆಯುವ ಐಪಿ65 ಮಟ್ಟವಾದರೂ ಇರಲಿ. ಕನೆಕ್ಟರಿಗೆ ಬರುವ ವೈರು ಮೊದಲು ಕೆಳಗಿಳಿದು ಮತ್ತೆ ಮೇಲೇರುವಂತೆ ಕಟ್ಟಿದರೆ ನೀರು ಒಳಗೆ ಹರಿಯದೆ ತೊಟ್ಟಿಕ್ಕುತ್ತದೆ. ಒದ್ದೆ ಬ್ಯಾಟರಿಯನ್ನು ಒರೆಸಿ, ಒಣಗಿದ ಮೇಲೆ ಚಾರ್ಜಿಗೆ ಹಾಕಿ. 2 ಆಂಪಿಯರ್ ಚಾರ್ಜರಿನಲ್ಲಿ ಐದಾರು ಗಂಟೆ ಬೇಕು, ಹಗಲಲ್ಲೇ ಎದ್ದಿರುವಾಗ ಮಾಡಿ. ಗುಡುಗು ಶುರುವಾದರೆ ಚಾರ್ಜರನ್ನು ಪ್ಲಗ್ಗಿನಿಂದಲೇ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಹಬ್ ಮೋಟಾರಿನ ಹಿಂಚಕ್ರ ಪಂಕ್ಚರ್ ಆದರೆ ಚಕ್ರ ಬಿಚ್ಚಲು ಸಾಮಾನ್ಯವಾಗಿ 18 ಮಿ.ಮೀ. ಸ್ಪ್ಯಾನರ್ ಬೇಕು. ಮೊದಲು ಮೋಟಾರಿನ ಕನೆಕ್ಟರ್ ಕಳಚಿ. ಅದನ್ನು ಮರೆತು ಚಕ್ರ ಎಳೆದರೆ ವೈರು ಹರಿಯುತ್ತದೆ. ಪಂಕ್ಚರ್ ಅಂಗಡಿಯವರಿಗೆ ಚಕ್ರ ಬಿಚ್ಚದೆ ಟೈರಿನ ಒಂದು ಬದಿ ಎತ್ತಿ, ಟ್ಯೂಬನ್ನು ಅಷ್ಟೇ ಹೊರಗೆಳೆದು ತೇಪೆ ಹಾಕಲು ಹೇಳಿ. ಅಚ್ಚಿನ ನಟ್ಟು ಸಡಿಲವಾದರೆ ಏರಿನಲ್ಲಿ ಅಚ್ಚೇ ತಿರುಗಿ ವೈರು ತುಂಡಾಗುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ ಬಿಗಿ ನೋಡಿ, ಅಚ್ಚು ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಟಾರ್ಕ್ ಆರ್ಮ್ ಇಲ್ಲದಿದ್ದರೆ ಹಾಕಿಸಿ. ಮಿಡ್-ಡ್ರೈವಿನಲ್ಲಿ ಬೇಗ ಸವೆಯುವುದು ಚೈನು. ಗೇರು ಬದಲಿಸುವ ಕ್ಷಣ ತುಳಿತ ಹಗುರ ಮಾಡಿದರೆ ಅದು ಹೆಚ್ಚು ದಿನ ಬರುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ರಸ್ತೆಯಲ್ಲಿ ಪಾಚಿ ಕಟ್ಟಿ ಓಡಿಸಲಾಗದಿದ್ದರೆ ಬ್ಯಾಟರಿಯನ್ನು ಕಳಚಿ, ಅರ್ಧ ಚಾರ್ಜಿನಲ್ಲಿ ಒಣ ಕೋಣೆಯಲ್ಲಿಡಿ. ಅಡುಗೆಮನೆಯ ಅಟ್ಟ ಬೇಡ, ಅಲ್ಲಿ ಶಾಖ ಹೆಚ್ಚು. ತಿಂಗಳಿಗೊಮ್ಮೆ ನೋಡಿ ಇಳಿದಿದ್ದಷ್ಟು ತುಂಬಿಸಿ.